ಮಟಿಲ್ಡಾ ಬಾಯಿ ಕುರುವೆ ಬೇಯಿಸಿದ್ದು

ದೇರೆಬೈಲಿನ ಮಟಿಲ್ಡಾ ಬಾಯಿ ಮರುವಾಯಿ ಸುಕ್ಕಕ್ಕೆಂದು ತೆಂಗಿನತುರಿ ಹುರಿಯಲು ಶುರು ಮಾಡಿದರೆ ಪಂಪ್‌ವೆಲ್ ಫ್ಲೈಓವರ್ ಮೇಲೆ ಬಸ್ಸಿನ ಡ್ರೈವರ್‌ಗಳ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. ಆ ಫ್ಲೈಓವರ್ ಕಟ್ಟಿ ಮುಗಿಯಲು ಅಷ್ಟು ವರ್ಷ ಹಿಡಿದದ್ದಕ್ಕೆ ಊರವರು ಏನೇನೋ ಕಾರಣ ಹೇಳುತ್ತಾರೆ. ನಿಜವಾದ ಕಾರಣ ಇದು: ದೇರೆಬೈಲಿನ ಕಡೆಯಿಂದ ಗಾಳಿ ಬೀಸಿದ ದಿನವೆಲ್ಲ ಕೆಲಸಗಾರರು ಕರಣೆ ಕೆಳಗಿಟ್ಟು, ಮೂಗು ಮೇಲೆ ಮಾಡಿ, ಸಂಜೆಯವರೆಗೆ ಹಾಗೆಯೇ ನಿಂತುಬಿಡುತ್ತಿದ್ದರು. ನಂಬಿಕೆ ಬಾರದಿದ್ದರೆ ಬೇಡ. ನಂಬದವರಿಗೆ ಸುಕ್ಕ ಸಿಗುವುದೂ ಇಲ್ಲ.

ಮರುವಾಯಿ ಎಂದರೆ ನೇತ್ರಾವತಿ ಸಮುದ್ರ ಸೇರುವಲ್ಲಿ, ಉಪ್ಪುನೀರಿನ ಮರಳಿನೊಳಗೆ ಹುದುಗಿಕೊಂಡಿರುವ ಚಿಪ್ಪು. ಗಾತ್ರ ಅಡಿಕೆಯಷ್ಟು, ಗರ್ವ ಆನೆಯಷ್ಟು. ಬಿಸಿ ತಾಗದೆ ಬಾಯಿ ಬಿಡುವ ಜಾತಿಯಲ್ಲ. ಅದನ್ನು ದೇರೆಬೈಲಿಗೆ ತರುವವಳು ಉಳ್ಳಾಲದ ಬೀಫಾತಿಮ್ಮ. ಪಂಪ್‌ವೆಲ್‌ನಲ್ಲಿ ಬಸ್ಸು ಬದಲಿಸಿ, ನೀರು ತೊಟ್ಟಿಕ್ಕುವ ಬುಟ್ಟಿಯೊಂದಿಗೆ ಆಕೆ ಹತ್ತಿದಳೆಂದರೆ ಮುಂದಿನ ಸೀಟುಗಳೆಲ್ಲ ತಾವಾಗಿಯೇ ಖಾಲಿಯಾಗುತ್ತವೆ.

ಬುಟ್ಟಿ ಮಾತ್ರ ಆಕೆಯದ್ದಲ್ಲ. ಅದು ಮಟಿಲ್ಡಾ ಬಾಯಿಯ ಅತ್ತೆ, ದಿವಂಗತ ಆನಿ ಬಾಯಿಯವರ ಕುರುವೆ. ನೀರು ಸೋರಿಹೋಗಲು ಸಂದು ಬಿಟ್ಟು ಬಿಳಲಿನಲ್ಲಿ ಹೆಣೆದದ್ದು. ಮನೆಯ ಗೋಡೆಗಿಂತ ಗಟ್ಟಿ. ಖಾಲಿ ಕುರುವೆ ಉಳ್ಳಾಲಕ್ಕೆ ಹೋಗುತ್ತದೆ, ತುಂಬಿದ ಕುರುವೆ ದೇರೆಬೈಲಿಗೆ ಬರುತ್ತದೆ. ಆಮೇಲಿನದ್ದು ಆನಿ ಬಾಯಿ ಹಾಕಿಕೊಟ್ಟ ಕಟ್ಟಳೆ. ಮರುವಾಯಿ ತೊಳೆದು ಒಲೆಗೇರಿಸಿದ ಮೇಲೆ ಕುರುವೆಯನ್ನು ಬಾವಿಕಟ್ಟೆಗೆ ಎರಡೇಟು ಬಡಿಯಬೇಕು, ಒಳಗೆ ಬಾಳೆಎಲೆ ಹಾಸಬೇಕು, ಬೆಂದ ಸುಕ್ಕವನ್ನು ಚಿಪ್ಪಿನ ಸಮೇತ ಮತ್ತೆ ಅದೇ ಕುರುವೆಗೆ ಸುರಿದು ಮೇಜಿಗೆ ಒಯ್ಯಬೇಕು. "ಯಾವ ಮನೆಯಲ್ಲಿ ಬಂತೋ ಆ ಮನೆಯಲ್ಲೇ ಮೇಜಿಗೆ ಹೋಗಬೇಕು" ಎನ್ನುತ್ತಿದ್ದರು ಆನಿ ಬಾಯಿ. ಬಿಷಪರ ಮಾತಿಗಾದರೂ ಮಟಿಲ್ಡಾ ಬಾಯಿ ಒಂದು ಅಡ್ಡಪ್ರಶ್ನೆ ಹಾಕಿಯಾರು. ಅತ್ತೆಯ ಈ ಮಾತಿಗೆ ಎಂದೂ ಹಾಕಿದವರಲ್ಲ.

ಈಸ್ಟರ್ ಕಳೆದ ಮೇಲಿನ ಒಂದು ಭಾನುವಾರ ಮಗಳು ಟಾನ್ಯಾಳ ನಿಶ್ಚಿತಾರ್ಥದ ಊಟ. ಹುಡುಗ ಇರ್ವಿನ್, ಪೆರ್ಮನ್ನೂರಿನವನು. ಅವನ ತಂದೆ ರೂಬನ್ ಬಾಬ್ ನಿವೃತ್ತ ಹೆಡ್‌ಮಾಸ್ಟರು; ಅವರು ಕೆಮ್ಮಿದರೆ ಇವತ್ತಿಗೂ ತೊಕ್ಕೊಟ್ಟಿನವರೆಗೆ ಹಳೆಯ ವಿದ್ಯಾರ್ಥಿಗಳು ಎದ್ದು ನಿಲ್ಲುತ್ತಾರೆ. ಮಧ್ಯಾಹ್ನಕ್ಕೆ ಬರಬೇಕಾದವರು ಬರಲಿಲ್ಲ. ಪಂಪ್‌ವೆಲ್‌ನಲ್ಲಿ ಲಾರಿಯೊಂದು ಅಡ್ಡಡ್ಡ ಕೆಟ್ಟು ನಿಂತು, ವಾಹನಗಳ ಸಾಲು ನೇತ್ರಾವತಿ ಸೇತುವೆ ದಾಟಿ ಕೇರಳ ಮುಟ್ಟಿತ್ತಂತೆ. ಇತ್ತ ಸುಕ್ಕ ಕುರುವೆ ಸೇರಿ ಮೇಜಿನ ಮೇಲೆ ಕಾಯುತ್ತಿತ್ತು. ಬಿಸಿಲು ಎಂಥದ್ದೆಂದರೆ ಅಂಗಳದ ಕಾಗೆಗಳು ಒಳಗೆ ಬಂದು ಫ್ಯಾನಿನ ಕೆಳಗೆ ಕೂತಿದ್ದವು.

ಅತಿಥಿಗಳು ಬಂದಾಗ ಊಟದ ಹೊತ್ತು ಮೀರಿ ಚಹಾದ ಹೊತ್ತು. ಹಸಿದ ಹೆಡ್‌ಮಾಸ್ಟರು ಕುರುವೆಗೆ ಕೈ ಹಾಕಿದರು ನೋಡಿ! ತಟ್ಟೆಯ ಪಕ್ಕದಲ್ಲಿ ಖಾಲಿ ಚಿಪ್ಪಿನ ಗುಡ್ಡ ಎಷ್ಟು ಎತ್ತರವಾಯಿತೆಂದರೆ ಎದುರು ಕೂತ ಹೆಂಡತಿಗೆ ಗಂಡನ ಮುಖ ಕಾಣದಾಯಿತು. ಎಷ್ಟೋ ವರ್ಷಗಳ ಮೇಲೆ ಆ ತಾಯಿ ನೆಮ್ಮದಿಯಿಂದ ಉಂಡರು. "ಮಟಿಲ್ಡಾ ಬಾಯಿ, ಇದು ಸುಕ್ಕ ಅಲ್ಲ, ಸ್ವರ್ಗದ ಸ್ಯಾಂಪಲ್" ಎಂದರು ರೂಬನ್ ಬಾಬ್. ಮಟಿಲ್ಡಾ ಬಾಯಿ ಅಷ್ಟಕ್ಕೇ ಬಿಟ್ಟರೆ ಅವರ ಹೆಸರೇಕೆ ಮಟಿಲ್ಡಾ? ಮದುವೆಯ ಮುನ್ನಾದಿನ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ ರೋಸ್‌ನ ಸಂಜೆ, ಎರಡೂ ಮನೆಯವರಿಗೆ ಒಟ್ಟಿಗೆ, ಇದೇ ಅಂಗಳದಲ್ಲಿ ತಾವೇ ಮರುವಾಯಿ ಮಾಡುವುದು ಎಂದು ಅಲ್ಲಿಯೇ ಸಾರಿಬಿಟ್ಟರು. ಮಗಳ ರೋಸ್‌ಗೆ ತಾಯಿಯ ಕೈಯ ಸುಕ್ಕ. ಟಾನ್ಯಾ ಹುಟ್ಟಿದ ದಿನ ಆಸ್ಪತ್ರೆಯ ಮಂಚದ ಮೇಲೆಯೇ ಅವರು ಮಾಡಿಕೊಂಡ ಹರಕೆ ಅದು.

ಮರುದಿನ ಬೆಳಿಗ್ಗೆ ಪೆರ್ಮನ್ನೂರಿನ ಆ ಮನೆಯ ಟ್ಯಾಂಕಿಯಲ್ಲಿ ನೀರು ಮುಗಿಯಿತು. ರೂಬನ್ ಬಾಬ್, ಅವರ ಹೆಂಡತಿ, ಇರ್ವಿನ್, ಎಲ್ಲರಿಗೂ ವಾಂತಿ, ಭೇದಿ, ಹೊಟ್ಟೆ ಹಿಂಡುವ ನೋವು. ಇತ್ತ ದೇರೆಬೈಲಿನಲ್ಲಿ ಟಾನ್ಯಾ ಬಾತ್‌ರೂಮಿನಿಂದ ಹೊರಗೆ ಬರುವುದೇ ಅಪರೂಪವಾಯಿತು. ಮಟಿಲ್ಡಾ ಬಾಯಿ ಮತ್ತು ಗಂಡ ಜೆರೋಮ್ ಮಾತ್ರ ಕಲ್ಲುಗುಂಡಿನ ಹಾಗೆ ಇದ್ದರು. ಮಟಿಲ್ಡಾ ಬಾಯಿಯ ತಂಗಿಯ ಮಗಳು ಗ್ಲೆನಿಟಾ ಡಾಕ್ಟರು. ಅವಳೇ ಎಲ್ಲರನ್ನೂ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಿದಳು. ಪರೀಕ್ಷೆಯಲ್ಲಿ ಹೆಸರು ಹೊರಬಿತ್ತು: ವಿಬ್ರಿಯೊ. ಚಿಪ್ಪುಮೀನಿನಲ್ಲಿ ಸಿಗುವ ಬ್ಯಾಕ್ಟೀರಿಯಾ.

"ಯಾವ ಊರಿನವನು ಅವನು?" ಎಂದರು ಮಟಿಲ್ಡಾ ಬಾಯಿ.

ಡ್ರಿಪ್ ತೆಗೆದ ಮೇಲೆ ರೂಬನ್ ಬಾಬ್ ಬಂದರು. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಧ್ವನಿ ಮಾತ್ರ ಅಸೆಂಬ್ಲಿಯಲ್ಲಿ ನಿಂತ ಹಾಗೆಯೇ ಇತ್ತು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಮಟಿಲ್ಡಾ ಬಾಯಿ, ಮಕ್ಕಳ ಮದುವೆಗೆ ನಮ್ಮದು ಎಂತದೂ ತಕರಾರಿಲ್ಲ. ಆದರೆ ರೋಸ್‌ನ ಅಡುಗೆ ಕೇಟರಿಂಗ್‌ನವರದ್ದು. ಚಿಪ್ಪಿನ ಜಾತಿಯದ್ದು ಒಂದೂ ಬೇಡ. ಆ ಉಳ್ಳಾಲದ ಹೆಂಗಸಿನ ಬುಟ್ಟಿ ಈ ಗೇಟಿನ ಒಳಗೆ ಬಂತು ಅಂತಾದರೆ ನಾವು ಹೊರಗೆ."

ಜೆರೋಮ್ ಮೆಲ್ಲನೆ, "ರೂಬನ್ ಬಾಬ್, ಒಂದು ಲಿಂಬೆ ಶರಬತ್ತು..." ಎಂದರು.

"ನೀವು ಸುಮ್ಮನಿರಿ" ಎಂದರು ಮಟಿಲ್ಡಾ ಬಾಯಿ ಗಂಡನಿಗೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರು ಸೆರಗು ಸಿಕ್ಕಿಸಿದ್ದನ್ನು ಕಂಡರೆ ಬೀದಿಯ ನಾಯಿಗಳು ಕೊಟ್ಟಾರದವರೆಗೆ ಓಡುತ್ತವೆ. "ಕೇಳಿ ಮಾಸ್ಟ್ರೆ. ನನ್ನ ಅತ್ತೆ ಮಾಡಿದರು, ಅವರ ಅತ್ತೆ ಮಾಡಿದರು, ಯಾರೂ ಸಾಯಲಿಲ್ಲ. ನಿಮ್ಮ ಹೊಟ್ಟೆ ಸರಿ ಇಲ್ಲದಿದ್ದರೆ ನನ್ನ ಕಡಾಯಿ ಎಂತ ಮಾಡ್ಲಿಕ್ಕುಂಟು? ರೋಸ್‌ಗೆ ಮರುವಾಯಿ ಆಗ್ತದೆ. ನಾನೇ ಮಾಡ್ತೇನೆ. ಬೀಫಾತಿಮ್ಮನೇ ತರ್ತಾಳೆ. ಮೊದಲು ತಟ್ಟೆ ಹಿಡಿಯುವವರು ನೀವೇ."

"ಮತ್ತೆ ನಾವು ಬರುವುದಿಲ್ಲ. ನಮ್ಮ ರೋಸ್ ನಮ್ಮ ಮನೆಯಲ್ಲಿ."

"ಒಂದು ನಿಜ ಹೇಳಿ ಹೋಗಿ. ರುಚಿ ಇತ್ತಾ, ಇಲ್ಲವಾ?"

ಗೇಟಿನ ಚಿಲಕದ ಮೇಲಿಟ್ಟ ಕೈ ಅಲ್ಲಿಯೇ ನಿಂತಿತು. ಇಡೀ ಜೀವಮಾನ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದ ಮನುಷ್ಯ. "ಅದೇ ಬೇಜಾರು" ಎಂದು ಗೊಣಗಿ ಹೋದರು.

ಸುದ್ದಿಗೆ ಬಸ್ಸು ಬೇಡ, ಪಂಪ್‌ವೆಲ್‌ನಲ್ಲಿ ಇಳಿಯುವುದೂ ಬೇಡ. ಮರುದಿನ ಬೀಫಾತಿಮ್ಮ ಬರಿಗೈಯಲ್ಲಿ ಬಂದಿಳಿದಳು. ಗೇಟಿನ ಹೊರಗೇ ನಿಂತು ಕೂಗಿದ ಕೂಗಿಗೆ ಪಕ್ಕದ ಮನೆಯ ತೆಂಗಿನಮರದಿಂದ ಎರಡು ಕಾಯಿ ಬಿತ್ತು.

"ಬಾಯಮ್ಮಾ! ನನ್ನ ಮರುವಾಯಿಗೆ ವಿಷ ಅಂದರಂತೆ! ಅದೇ ರಾಶಿಯದ್ದು ನಮ್ಮ ಮನೆಯಲ್ಲೂ ಆಗಿತ್ತು. ನಾನು ತಿಂದೆ, ಮಗ ಝುಬೈರ್ ತಿಂದ, ಸೊಸೆ ತಿಂದಳು. ಯಾರಿಗೆ ಎಂತ ಆಯ್ತು? ಬಂದು ನೋಡ್ಲಿ ನಿಮ್ಮ ಮಾಸ್ಟ್ರು!"

"ಅದನ್ನೇ ನಾನೂ ಹೇಳಿದ್ದು! ನೀನು ಒಳಗೆ ಬಂದು ಹೇಳು, ಮಾರಾಯ್ತಿ."

"ಬರುವುದಿಲ್ಲ. ನನ್ನನ್ನು ಬೇಡ ಅಂದವನೇ ಬಂದು ಕರೆಯಲಿ. ಅಲ್ಲಿವರೆಗೆ ಈ ಗೇಟು ದಾಟಿದರೆ ನನ್ನ ಹೆಸರು ಬೀಫಾತಿಮ್ಮ ಅಲ್ಲ."

ಹೀಗಾಗಿ ಸಭೆ ಗೇಟಿನಲ್ಲೇ ಕೂಡಿತು: ಹೊರಗೆ ಬೀಫಾತಿಮ್ಮ, ಒಳಗೆ ಮಟಿಲ್ಡಾ ಬಾಯಿ, ಜೆರೋಮ್ ತಂದಿಟ್ಟ ಕುರ್ಚಿಯಲ್ಲಿ ಸೊರಗಿದ ಟಾನ್ಯಾ. ಅವಳನ್ನು ನೋಡಲೆಂದು ಬಂದ ಗ್ಲೆನಿಟಾ ನಡುವೆ ಸಿಕ್ಕಿಬಿದ್ದಳು.

"ಮಾವ್ಶಿ, ಮರುವಾಯಿಯಲ್ಲಿ ಅದು ಇದ್ದೇ ಇರ್ತದೆ, ಅದು ಇವರ ತಪ್ಪಲ್ಲ" ಎಂದಳು ಗ್ಲೆನಿಟಾ. "ಉಪ್ಪುನೀರೇ ಅದರ ಸ್ವಂತ ಮನೆ. ಮರುವಾಯಿ ದಿನವಿಡೀ ಆ ನೀರನ್ನು ಸೋಸಿ ಸೋಸಿ ತಿನ್ನುವುದಲ್ಲವಾ, ಬ್ಯಾಕ್ಟೀರಿಯಾ ಒಳಗೆ ಸೇರ್ತದೆ. ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ವಾಸನೆ ಇಲ್ಲ, ರುಚಿ ಕೆಡುವುದಿಲ್ಲ, ನೋಡಿದರೆ ಗೊತ್ತೇ ಆಗುವುದಿಲ್ಲ. ಆದರೆ ಚೆನ್ನಾಗಿ ಬೇಯಿಸಿದರೆ ಸತ್ತೇ ಹೋಗ್ತದೆ."

"ನಾನು ಬೇಯಿಸಿದ್ದಕ್ಕೆ ಅದರ ಅಜ್ಜಿಯೂ ಸತ್ತಿರಬೇಕು!"

"ಹಾಗಾದರೆ ಬೆಂದ ಮೇಲೆ ಮತ್ತೆ ಎಲ್ಲಿಂದಲೋ ಸೇರಿದೆ. ಹಸಿಯದ್ದರ ನೀರು ಒಂದು ಹನಿ ತಾಗಿದರೂ ಸಾಕು. ಸೆಕೆಯಲ್ಲಿ ಇಟ್ಟುಬಿಟ್ಟರೆ ಊಟದ ಹೊತ್ತಿಗೆ ಲಕ್ಷ ಆಗ್ತದೆ. ನೀವು ಮತ್ತು ಅಂಕಲ್ ಎಂತ ತಿಂದಿರಿ ಆ ದಿನ?"

ಜೆರೋಮ್ ಆಕಾಶ ನೋಡಿದರು. ಅವರಿಗೆ ಯೂರಿಕ್ ಆಸಿಡ್. ಮರುವಾಯಿ ಮುಟ್ಟಕೂಡದೆಂದು ಡಾಕ್ಟರ ಅಪ್ಪಣೆ, ಹೆಂಡತಿಯ ಕಾವಲು. ಬಹರೈನ್‌ನಲ್ಲಿ ದುಡಿದ ಕಾಲದಲ್ಲಿ ಮರುಭೂಮಿಗೆ ಹೆದರದ ಮನುಷ್ಯ, ಈಗ ಹೆಂಡತಿಯ ಹುಬ್ಬಿಗೆ ಹೆದರುತ್ತಾರೆ.

"ಆಕಾಶದಲ್ಲಿ ಎಂತ ಉಂಟು? ಹೇಳಿ" ಎಂದರು ಮಟಿಲ್ಡಾ ಬಾಯಿ. "ಕಡಾಯಿಯಿಂದ ಕದ್ದು ತಿಂದದ್ದು ನನಗೆ ಗೊತ್ತಿಲ್ಲ ಅಂತ ಮಾಡಿದ್ದೀರಾ? ಅರ್ಧ ಕಡಾಯಿ! ನಾನು ನೋಡಿಯೂ ನೋಡದ ಹಾಗೆ ಇದ್ದೆ, ಮಗಳ ಶುಭದಿನ ಅಂತ."

"ನೀನೂ ಉಪ್ಪು ನೋಡುವುದು ಅಂತ ಉಳಿದರ್ಧ ನೋಡಿದ್ದೀ" ಎಂದರು ಜೆರೋಮ್.

"ನೀವಿಬ್ಬರೂ ಕಡಾಯಿಯಿಂದ, ಕುರುವೆಯಿಂದ ಅಲ್ಲ" ಎಂದಳು ಗ್ಲೆನಿಟಾ ನಿಧಾನವಾಗಿ. "ಬೀಫಾತಿಮ್ಮ, ನಿಮ್ಮ ಮನೆಯಲ್ಲಿ?"

"ಪಾತ್ರೆಯಿಂದ ತಟ್ಟೆಗೆ. ಬುಟ್ಟಿಗೆ ಹಾಕಿ ಮೆರವಣಿಗೆ ಮಾಡ್ಲಿಕ್ಕೆ ನಮ್ಮಲ್ಲಿ ಯಾರಿಗೆ ಪುರುಸೊತ್ತುಂಟು?"

ಮಟಿಲ್ಡಾ ಬಾಯಿ ತಿರುಗಿ ಬಾವಿಕಟ್ಟೆಯ ಕಡೆ ನೋಡಿದರು. ಕುರುವೆ ಅಲ್ಲಿ ಕವುಚಿಕೊಂಡಿತ್ತು. ಅದರ ಸಂದುಗಳಲ್ಲಿ ಇನ್ನೂ ಉಳ್ಳಾಲದ ಮರಳು ಅಂಟಿತ್ತು. ಆ ದಿನ ಎರಡೇಟು ಬಡಿದು ಎಲೆ ಹಾಸಿದ್ದು, ಚಿಪ್ಪಿನ ಅಂಚಿಗೆ ಎಲೆ ಹರಿದದ್ದು, ಹರಿದಲ್ಲಿ ಕೆಳಗಿನ ತೇವ ಮೇಲೆ ಬಂದದ್ದು, ಪಂಪ್‌ವೆಲ್‌ನಲ್ಲಿ ಸಿಕ್ಕಿಬಿದ್ದವರಿಗಾಗಿ ಕಾದದ್ದು, ಎಲ್ಲವೂ ಒಂದರ ಹಿಂದೆ ಒಂದು ಅವರ ಕಣ್ಣ ಮುಂದೆ ಬಂದು ನಿಂತವು. ಅವರ ಕೈ. ಅವರದ್ದೇ ಕೈ. ದೇರೆಬೈಲಿನ ಇತಿಹಾಸದಲ್ಲಿ ಮಟಿಲ್ಡಾ ಬಾಯಿ ಇಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಏನೋ ಆಗಿದೆ ಎಂದು ಎದುರು ಮನೆಯವರು ಕಿಟಕಿ ತೆರೆದು ನೋಡಿದರು.

"ಅತ್ತೆಯ ಕಾಲದಲ್ಲಿ ಹೀಗೆ ಆಗಿರಲಿಲ್ಲ" ಎಂದರು ಕೊನೆಗೆ, ಅರ್ಧ ಧ್ವನಿಯಲ್ಲಿ.

"ಆಗ್ತಿತ್ತು" ಎಂದರು ಜೆರೋಮ್. "ನನ್ನ ಸೋದರಮಾವ ಹಬ್ಬದ ಊಟ ಆದರೆ ಮರುದಿನ ಹಾಸಿಗೆ ಹಿಡಿಯುತ್ತಿದ್ದ. ಯಾರೋ ದೃಷ್ಟಿ ಹಾಕಿದ್ದಾರೆ ಅಂತ ಅಮ್ಮ ಮೆಣಸು, ಉಪ್ಪು ಸುತ್ತಿಸಿ ಒಲೆಗೆ ಹಾಕುತ್ತಿದ್ದರು. ಒಮ್ಮೆಯೂ ಕುರುವೆಯನ್ನು ಯಾರೂ ಸಂಶಯಪಡಲಿಲ್ಲ."

"ಇಷ್ಟು ವರ್ಷ ಊರವರ ಕಣ್ಣಿಗೆ ಬೈದದ್ದಾ ನಾವು!"

"ಮಮ್ಮಿ" ಎಂದಳು ಟಾನ್ಯಾ, "ಇದನ್ನು ಯಾರಿಗೂ ಹೇಳುವುದು ಬೇಡ. ಕೇಟರಿಂಗ್‌ನವರೇ ಮಾಡ್ಲಿ. ಕುರುವೆಯನ್ನು ಬಿಸಾಡಿಬಿಡುವ."

ಮಟಿಲ್ಡಾ ಬಾಯಿ ಮಗಳ ಮುಖ ನೋಡಿದರು, ಆಮೇಲೆ ಗೇಟಿನ ಆಚೆ ನಿಂತ ಬೀಫಾತಿಮ್ಮನ ಮುಖ. ಸುಮ್ಮನಿದ್ದುಬಿಟ್ಟರೆ ತಪ್ಪು ಆ ಗೇಟಿನ ಆಚೆಗೇ ಉಳಿಯುತ್ತಿತ್ತು. ಸಡಿಲವಾಗಿದ್ದ ಸೆರಗನ್ನು ಮತ್ತೆ ಸಿಕ್ಕಿಸಿದರು.

"ಫೋನ್ ಕೊಡು."

ರೂಬನ್ ಬಾಬ್ ಫೋನ್ ಎತ್ತಿ ಹಲೋ ಎನ್ನುವುದರೊಳಗೆ ಇಲ್ಲಿಂದ ಶುರುವಾಗಿತ್ತು. "ಮಾಸ್ಟ್ರೆ, ಕೇಳಿ. ತಪ್ಪು ಮರುವಾಯಿಯದ್ದಲ್ಲ, ಬೀಫಾತಿಮ್ಮನದ್ದೂ ಅಲ್ಲ. ಹಸಿಯದ್ದು ಬಂದ ಕುರುವೆಗೇ ಬೆಂದದ್ದನ್ನು ಸುರಿದವಳು ನಾನು. ತಪ್ಪು ನನ್ನದು. ಆದರೆ ಸುಕ್ಕವೂ ನನ್ನದೇ. ನನ್ನ ಮಗಳ ರೋಸ್, ನನ್ನ ಅಂಗಳ, ನನ್ನ ಕಡಾಯಿ. ನಿಮ್ಮ ಕೇಟರಿಂಗ್‌ನವರು ಬರ್ಲಿ, ಅವರದ್ದು ಚಪ್ಪರದ ಕೆಳಗೆ. ನನ್ನದು ಹಿತ್ತಿಲಲ್ಲಿ. ಎಲ್ಲವನ್ನೂ ನಿಮ್ಮ ಕಣ್ಣೆದುರು ಮಾಡ್ತೇನೆ. ಹೆದರಿಕೆ ಇದ್ದರೆ ಬರಬೇಡಿ. ಹೆಡ್‌ಮಾಸ್ಟರು ಚಿಪ್ಪಿಗೆ ಹೆದರಿ ಮಗನ ರೋಸ್ ತಪ್ಪಿಸಿಕೊಂಡರು ಅಂತ ಪೆರ್ಮನ್ನೂರಿನ ಇಗರ್ಜಿಯಲ್ಲಿ ನಾನೇ ಹೇಳ್ತೇನೆ." ಫೋನ್ ಇಟ್ಟರು. ಇಷ್ಟು ಗಂಡೆದೆಯಿಂದ ತಪ್ಪೊಪ್ಪಿಕೊಂಡವರು ಮಂಗಳೂರಿನಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಅಂದಾಜೂ ಇಲ್ಲ.

ರೋಸ್‌ನ ದಿನ ಮಧ್ಯಾಹ್ನ ಬೀಫಾತಿಮ್ಮ ಬಂದಳು, ಈ ಸಲ ತನ್ನದೇ ನೀಲಿ ಟಬ್ಬಿನಲ್ಲಿ ಮರುವಾಯಿ ತುಂಬಿಕೊಂಡು. ಮರುವಾಯಿ ಕೊಳಗದಲ್ಲಿ ಒಳಗೆ ಹೋಯಿತು. ಟಬ್ಬು ಮತ್ತು ಬೀಫಾತಿಮ್ಮ ಗೇಟಿನ ಹೊರಗೇ ಉಳಿದರು. "ಹೇಳಿದ್ದು ಹೇಳಿದ್ದೇ" ಎಂದಳು. ಜೆರೋಮ್ ಆಕೆಗೆ ಕುರ್ಚಿ ಕೊಟ್ಟರು, ಕೊಡೆ ಕೊಟ್ಟರು, ಚಹಾ ಕೊಟ್ಟರು, ಮನೆಯ ಎಲ್ಲ ವೈರುಗಳನ್ನು ಒಂದಕ್ಕೊಂದು ಜೋಡಿಸಿ ಟೇಬಲ್ ಫ್ಯಾನನ್ನೂ ತಂದಿಟ್ಟರು. ಹಾದಿಹೋಕರು ಜಡ್ಜ್ ಕೂತಿದ್ದಾರೆಂದು ತಿಳಿದು ಕೈ ಮುಗಿದು ಹೋದರು.

ಸಂಜೆ ಪೆರ್ಮನ್ನೂರಿನವರು ಬಂದರು. ರೂಬನ್ ಬಾಬ್‌ರೂ ಬಂದರು, ಮುಖ ಬಿಗಿದುಕೊಂಡು, "ನೋಡ್ಲಿಕ್ಕೆ ಮಾತ್ರ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿಕೊಂಡು. ಟಾನ್ಯಾ, ಇರ್ವಿನ್‌ರ ತಲೆಯ ಮೇಲೆ ತೆಂಗಿನ ಹಾಲು ಹರಿಯಿತು, ಹಾಡು ಆಯಿತು, ನಗು ಆಯಿತು. ಚಪ್ಪರದ ಕೆಳಗೆ ಕೇಟರಿಂಗ್‌ನವರ ಗೋಬಿ ಮಂಚೂರಿ ಅನಾಥವಾಗಿತ್ತು, ಯಾಕೆಂದರೆ ಜನವೆಲ್ಲ ಹಿತ್ತಿಲಿಗೆ ಹೊರಟಿತ್ತು.

ಹಿತ್ತಿಲಲ್ಲಿ ಎರಡು ಒಲೆ. ಒಂದರ ಮೇಲೆ ಮೀಯುವ ನೀರು ಕಾಯಿಸುವ ತಾಮ್ರದ ದೊಡ್ಡ ಹಂಡೆ, ಕೊತಕೊತ ಕುದಿಯುತ್ತಿತ್ತು. ಮಟಿಲ್ಡಾ ಬಾಯಿ ಆನಿ ಬಾಯಿಯವರ ಕುರುವೆಯನ್ನು ಎರಡೂ ಕೈಯಲ್ಲಿ ಎತ್ತಿ ಎಲ್ಲರಿಗೂ ತೋರಿಸಿದರು, ಪಾದ್ರಿಗಳು ಪೂಜೆಯಲ್ಲಿ ತೋರಿಸುವ ಹಾಗೆ. ಆಮೇಲೆ ಹಂಡೆಯಲ್ಲಿ ಮುಳುಗಿಸಿ ಮೇಲೊಂದು ರುಬ್ಬುವ ಕಲ್ಲಿನ ಗುಂಡು ಇಟ್ಟರು.

"ಮಟಿಲ್ಡಾ, ಉಪ್ಪು ಹಾಕಿದ್ದೀಯಾ? ಕುರುವೆ ಎಳತಲ್ಲ, ಬೇಯಲಿಕ್ಕೆ ಹೊತ್ತು ಬೇಕು" ಎಂದರು ಜೆರೋಮ್.

"ಬೇಯಲಿ. ಅತ್ತೆಯ ಕುರುವೆಯನ್ನು ಬ್ಯಾಕ್ಟೀರಿಯಾಕ್ಕೆ ಬಿಟ್ಟುಕೊಡಲಿಕ್ಕೆ ನಾನು ಈ ಮನೆಗೆ ಸೊಸೆಯಾಗಿ ಬಂದದ್ದಲ್ಲ. ಇನ್ನು ಇದರಲ್ಲಿ ಸಾನ್ನಾ ಇಡ್ಲಿ ಮಾತ್ರ. ಹಸಿ ಮರುವಾಯಿ ಇದರ ಹತ್ತಿರ ಸುಳಿದರೆ ಕಾಲು ಮುರೀತೇನೆ." ಮರುವಾಯಿಗೆ ಎಲ್ಲಿಯ ಕಾಲು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಇನ್ನೊಂದು ಒಲೆಯ ಮೇಲೆ ಮರುವಾಯಿ. ಉಗಿಗೆ ಚಿಪ್ಪುಗಳು ಟಪಟಪ ಬಾಯಿ ಬಿಟ್ಟವು. "ಬಾಯಿ ಬಿಟ್ಟ ಕೂಡಲೇ ಇಳಿಸಬೇಡಿ ಮಾವ್ಶಿ" ಎಂದಳು ಗ್ಲೆನಿಟಾ, "ಇನ್ನೂ ಸ್ವಲ್ಪ ಹೊತ್ತು ಕುದಿಯಲಿ."

"ಬಾಯಿ ಬಿಟ್ಟದ್ದೆಲ್ಲ ಬೆಂದದ್ದಲ್ಲ ಅಂತ ನನಗೆ ಗೊತ್ತುಂಟು. ನಿನ್ನ ಅಂಕಲ್ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ."

ಬಾಯಿ ಬಿಡದ ಚಿಪ್ಪುಗಳನ್ನು ಹೆಕ್ಕಿ ಬಿಸಾಡಿದರು. ಹುರಿದ ತೆಂಗಿನತುರಿ, ಬಫಾತ್ ಮಸಾಲೆ ಪುಡಿ ಬಿತ್ತು. ಪರಿಮಳ ಎದ್ದಿತು ನೋಡಿ! ಚಪ್ಪರದ ಕಂಬಗಳು ಹಿತ್ತಿಲ ಕಡೆ ವಾಲಿದವು. ಕೇಟರಿಂಗ್‌ನ ಮುಖ್ಯ ಅಡುಗೆಯವನೇ ಏಪ್ರನ್ ಬಿಚ್ಚಿಟ್ಟು ಸಾಲಿನಲ್ಲಿ ನಿಂತ.

"ಇವತ್ತು ಮೇಜು ಇಲ್ಲ, ಬುಟ್ಟಿ ಇಲ್ಲ, ಕಾಯುವುದೂ ಇಲ್ಲ" ಎಂದು ಸಾರಿದರು ಮಟಿಲ್ಡಾ ಬಾಯಿ. "ಕಡಾಯಿಯಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ." ಮೊದಲನೆಯ ಚಿಪ್ಪನ್ನು ಎಲ್ಲರೆದುರು ತಾವೇ ಬಾಯಿಗಿಟ್ಟು, ಖಾಲಿ ಚಿಪ್ಪನ್ನು ರೂಬನ್ ಬಾಬ್‌ರ ಕಾಲ ಬುಡಕ್ಕೆ ಎಸೆದರು. ಅದು ಠಣ್ಣೆಂದು ಸದ್ದು ಮಾಡಿ ಅವರ ಪಾಲಿಶ್ ಮಾಡಿದ ಬೂಟಿಗೆ ತಾಗಿ ನಿಂತಿತು.

ರೂಬನ್ ಬಾಬ್ ಬೂಟು ನೋಡಿದರು, ಕಡಾಯಿ ನೋಡಿದರು. ಹಂಡೆಯಲ್ಲಿ ಬೇಯುತ್ತಿದ್ದ ಕುರುವೆಯನ್ನೂ ನೋಡಿದರು. ಮೆಲ್ಲನೆ ಪಕ್ಕದ ರಾಶಿಯಿಂದ ಒಂದು ತಟ್ಟೆ ತೆಗೆದು ಮುಂದೆ ಹಿಡಿದರು.

ಮಟಿಲ್ಡಾ ಬಾಯಿಯ ಸೌಟು ತಟ್ಟೆಯ ಮೇಲೆ ಬಂದು ಅಲ್ಲಿಯೇ ನಿಂತಿತು. ಸುಕ್ಕದ ಹಬೆ ಹೆಡ್‌ಮಾಸ್ಟರ ಕನ್ನಡಕವನ್ನು ಮುಚ್ಚಿತು.

"ಮಾಸ್ಟ್ರೆ, ನಿಮ್ಮದೊಂದು ಬಾಕಿ ಉಂಟು. ಗೇಟಿಗೆ ಹೋಗಿ ಬನ್ನಿ."

ಅವರಿಗೆ ಅರ್ಥವಾಗಲಿಲ್ಲ ಅಂತಲ್ಲ. ತಟ್ಟೆ ಹಿಡಿದುಕೊಂಡೇ ನಡೆದರು. ಜನ ಹಿಂದೆ ಹಿಂದೆ ಬಂತು. ಬೀಫಾತಿಮ್ಮ ಕೊಡೆಯ ಕೆಳಗೆ, ಫ್ಯಾನಿನ ಗಾಳಿಗೆ ತಲೆಯ ಬಟ್ಟೆ ಹಾರಿಸಿಕೊಂಡು ಕೂತಿದ್ದಳು, ಏಳಲಿಲ್ಲ.

ರೂಬನ್ ಬಾಬ್ ಕೆಮ್ಮಿದರು. ಹಿಂದೆ ಬಂದು ಚಪ್ಪರದ ಕುರ್ಚಿಗಳಲ್ಲಿ ಆಗಷ್ಟೇ ಕೂತ ಹಳೆಯ ವಿದ್ಯಾರ್ಥಿಗಳೆಲ್ಲ ಎದ್ದು ನಿಂತರು. "ನಾನು ಅಂದದ್ದು ಸರಿ ಅಲ್ಲ. ಒಳಗೆ ಬನ್ನಿ."

"ಯಾರನ್ನು ಕರೆಯುವುದು?" ಎಂದಳು ಬೀಫಾತಿಮ್ಮ. "ಬೇಡ ಅಂದದ್ದು ಬುಟ್ಟಿಯನ್ನು ಅಂತ ನಾನು ಕೇಳಿದ್ದು."

"ಇಬ್ಬರೂ ಬನ್ನಿ."

"ನನಗೆ ಕಾಲುಂಟು ಮಾಸ್ಟ್ರೆ, ಬರ್ತೇನೆ. ಟಬ್ಬಿಗೆ ಕಾಲಿಲ್ಲ."

ತಟ್ಟೆಯನ್ನು ಜೆರೋಮ್‌ರ ಕೈಗೆ ಕೊಟ್ಟು ಹೆಡ್‌ಮಾಸ್ಟರು ಬಗ್ಗಿ ನೀಲಿ ಟಬ್ಬನ್ನು ಎತ್ತಿದರು. ತಳದಲ್ಲಿ ಉಳಿದಿದ್ದ ಉಳ್ಳಾಲದ ನೀರು ಅಂಗಿಯ ತೋಳಿನಿಂದ ಮೊಣಕೈವರೆಗೆ ಇಳಿಯಿತು. ಮುಂದೆ ಬೀಫಾತಿಮ್ಮ, ಹಿಂದೆ ಟಬ್ಬು ಹೊತ್ತ ರೂಬನ್ ಬಾಬ್, ಇಬ್ಬರೂ ಗೇಟು ದಾಟಿ, ಚಪ್ಪರ ದಾಟಿ, ಹಿತ್ತಿಲಿಗೆ ಬಂದರು. ಅಂಥ ಮೆರವಣಿಗೆಯನ್ನು ದೇರೆಬೈಲು ಅದುವರೆಗೆ ಕಂಡಿರಲಿಲ್ಲ. ಬೀಫಾತಿಮ್ಮ ಸೀದಾ ಒಲೆಯ ಬಳಿ ಹೋಗಿ ಕುರ್ಚಿ ಎಳೆದುಕೊಂಡಳು. ಮೊದಲ ತಟ್ಟೆ ಆಕೆಗೆ ಹೋಯಿತು.

ರೂಬನ್ ಬಾಬ್ ಟಬ್ಬು ಹಿಡಿದೇ ಕಡಾಯಿಯ ಕಡೆ ಕೈಚಾಚಿದರು.

"ಅಯ್ಯೋ, ಆ ಕೈಯಲ್ಲಾ!" ಮಟಿಲ್ಡಾ ಬಾಯಿಯ ಸೌಟು ಅವರ ಎದೆಗೆ ಗುರಿಯಿಟ್ಟಿತು. "ಹಸಿ ಮರುವಾಯಿಯ ನೀರು ಉಂಟು ಅದರಲ್ಲಿ. ಕಲಿತವರು ನೀವು, ಅಷ್ಟೂ ಗೊತ್ತಿಲ್ಲವಾ? ಟಬ್ಬು ಬಾವಿಕಟ್ಟೆಯಲ್ಲಿ ಇಡಿ. ಮೊಣಕೈವರೆಗೆ ತೊಳೆಯಿರಿ. ಆಮೇಲೆ ತಟ್ಟೆ."

ಹೆಡ್‌ಮಾಸ್ಟರು ಬಾವಿಕಟ್ಟೆಗೆ ನಡೆದು, ತೋಳು ಮಡಚಿ, ಸಾಬೂನು ಎಲ್ಲುಂಟು ಎಂದು ಕೇಳಿದರು.